ಯೆಹೂದ್ಯರ ವಾರಪಾಠ: ‘ಕೆದೋಷೀಮ್’ ಪ್ರಕರಣದ ವಿಚಾರ

ಗ್ರಂಥವನ್ನು ಒಬ್ಬನೇ ಕುಳಿತು ಓದಿಕೊಳ್ಳುವುದು ಒಂದು ಬಗೆ. ಹತ್ತು ಜನರ ನಡುವೆ ಓದಿಸಿ ಕೇಳುವುದು ಇನ್ನೊಂದು ಬಗೆ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಗೆ ಈ ಎರಡನೆಯದು ಹೊಸತಲ್ಲ. ಶ್ರಾವಣದ ಶನಿವಾರಗಳಲ್ಲಿ ಶನಿಮಹಾತ್ಮೆಯನ್ನು ಓದಿಸುವ ಮನೆಗಳುಂಟು. ಕುಮಾರವ್ಯಾಸನ ಭಾರತವನ್ನಾಗಲಿ, ಕಡೂರು ಸೀಮೆಯ ದೇವನೂರಿನವನೆನಿಸಿದ ಲಕ್ಷ್ಮೀಶನ ಜೈಮಿನಿಯನ್ನಾಗಲಿ ಒಬ್ಬರು ರಾಗವಾಗಿ ವಾಚಿಸುತ್ತಿರಲು, ಮತ್ತೊಬ್ಬರು ಪದ್ಯಪದ್ಯಕ್ಕೂ ಅರ್ಥವನ್ನು ಬಿಡಿಸಿ ಹೇಳುವ ಪದ್ಧತಿಯೂ ಉಂಟು. ಯೆಹೂದ್ಯರ ಸಭಾಮಂದಿರಗಳಲ್ಲಿ ಶನಿವಾರದ ಬೆಳಗ್ಗೆ ನಡೆಯುವ ವಾಚನವು ಇದಕ್ಕೆ ದೂರದ ಬಂಧುವೆನ್ನಬಹುದು. ಮೋಶೆಯ ಐದು ಗ್ರಂಥಗಳನ್ನು ಅವರು ೫೪ ಪಾಠಗಳಾಗಿ ವಿಂಗಡಿಸಿ, ವಾರಕ್ಕೊಂದರಂತೆ ಓದುತ್ತ ವರ್ಷಕ್ಕೊಮ್ಮೆ ಮುಗಿಸುವರು; ಮುಗಿಸಿದ ದಿನವೇ ಮತ್ತೆ ಮೊದಲಿನಿಂದ ಆರಂಭಿಸುವರು. ಓದುವುದು ಕೈಬರಹದ ತೊಗಲಿನ ಸುರುಳಿಯಿಂದ. ಅದರಲ್ಲಿ ಸ್ವರಚಿಹ್ನೆಗಳಿಲ್ಲ, ರಾಗದ ಗುರುತುಗಳೂ ಇಲ್ಲ. ಆದುದರಿಂದ ವಾಚಕನು ವಾರವೆಲ್ಲ ಅಭ್ಯಾಸಮಾಡಿ ಬರಬೇಕು; ಪದ ತಪ್ಪಿದರೆ ಪಕ್ಕದಲ್ಲಿ ನಿಂತವನು ತಿದ್ದುವನು, ವಾಚಕನು ಹಿಂದಿರುಗಿ ಓದುವನು. ಹೀಬ್ರೂ ಭಾಷೆ ಜನರಿಗೆ ದೂರವಾದ ಕಾಲದಲ್ಲಿ, ಒಂದೊಂದು ವಾಕ್ಯ ಮುಗಿದಂತೆ ಅದನ್ನು ಆಡುಮಾತಾದ ಅರಮಾಯಿಕ್ ಭಾಷೆಯಲ್ಲಿ ಹೇಳುವ ವ್ಯಾಖ್ಯಾನಕಾರನೂ ಇದ್ದನು. ಯೆಮೆನ್ ದೇಶದ ಯೆಹೂದ್ಯರು ಆ ಕ್ರಮವನ್ನು ಬಹುಕಾಲ ಉಳಿಸಿಕೊಂಡು ಬಂದರು. ಗಮಕಿ, ವ್ಯಾಖ್ಯಾನಿಗಳ ಜೋಡಿಯನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಪರಭಾಷೆಯ ಕೃತಿಯನ್ನು ಮನೆಯ ಬೆಳಕಿನಲ್ಲಿ ಹಿಡಿದು ನೋಡುವುದಕ್ಕೂ ಈ ಸೀಮೆಯಲ್ಲಿ ಮೇಲ್ಪಂಕ್ತಿಯುಂಟು. ತುರುವೇಕೆರೆಯ ಬಳಿಯ ಸಂಪಿಗೆಯಲ್ಲಿ ೧೮೮೪ರಲ್ಲಿ ಹುಟ್ಟಿದ ಬಿ. ಎಂ. ಶ್ರೀಕಂಠಯ್ಯನವರು ಸೊಫೋಕ್ಲಿಸನ ರುದ್ರನಾಟಕವೊಂದನ್ನು ಭಾರತದ ಕಥೆಗೆ ಇಳಿಸಿ, ೧೯೨೯ರಲ್ಲಿ ‘ಅಶ್ವತ್ಥಾಮನ್’ ನಾಟಕವನ್ನು ಕೊಟ್ಟರು. ಹೀಬ್ರೂ ಗ್ರಂಥದ ವಿಷಯದಲ್ಲಿ ಅಷ್ಟು ಶ್ರಮವೂ ಬೇಕಾಗಿಲ್ಲ. ಅದು ಕನ್ನಡಕ್ಕೆ ಬಂದು ಕಾಲವಾಯಿತು. ೧೯ನೆಯ ಶತಮಾನದ ಪೂರ್ವಾರ್ಧದಲ್ಲಿ ಬಳ್ಳಾರಿಯ ಜಾನ್ ಹ್ಯಾಂಡ್ಸ್ ಮೊದಲಾದವರ ದುಡಿಮೆಯಿಂದ ಬೈಬಲ್ಲು ಕನ್ನಡವಾಯಿತು. ಕನ್ನಡ ಬೈಬಲ್ಲಿನಲ್ಲಿ ಮೋಶೆಯ ಗ್ರಂಥಗಳಿಗೆ ನೆಲೆನಿಂತ ಹೆಸರುಗಳು ಆದಿಕಾಂಡ, ವಿಮೋಚನಕಾಂಡ, ಯಾಜಕಕಾಂಡ, ಅರಣ್ಯಕಾಂಡ, ಧರ್ಮೋಪದೇಶಕಾಂಡ ಎಂಬುವು. ರಾಮಾಯಣದಿಂದ ಎರವಲು ತಂದ ಈ ‘ಕಾಂಡ’ ಶಬ್ದವು ಕೆಲವೆಡೆ ಮೂಲಕ್ಕೆ ಇಂಗ್ಲಿಷಿಗಿಂತಲೂ ಹತ್ತಿರವಾದುದು ವಿನೋದ. ನಾಲ್ಕನೆಯ ಗ್ರಂಥವು ಇಂಗ್ಲಿಷಿನಲ್ಲಿ ‘ಸಂಖ್ಯೆಗಳು’ ಎಂಬ ಒಣ ಹೆಸರಿನದು. ಹೀಬ್ರೂವಿನಲ್ಲಿ ಅದರ ಹೆಸರಿಗೆ ‘ಅರಣ್ಯದಲ್ಲಿ’ ಎಂದೇ ಅರ್ಥ.

ಇಲ್ಲಿ ವಿಚಾರಕ್ಕೆ ತೆಗೆದುಕೊಂಡಿರುವುದು ಯಾಜಕಕಾಂಡದ ೧೯, ೨೦ನೆಯ ಅಧ್ಯಾಯಗಳಾದ ‘ಕೆದೋಷೀಮ್’ ಎಂಬ ವಾರಪಾಠ. ವಸಂತದಲ್ಲಿ, ಸಾಮಾನ್ಯವಾಗಿ ಏಪ್ರಿಲ್ ಮೇ ತಿಂಗಳುಗಳಲ್ಲಿ, ಇದರ ಸರದಿ ಬರುತ್ತದೆ. ಇದರ ಮೇಲಿರುವ ದೊಡ್ಡ ಆಕ್ಷೇಪಣೆಯೆಂದರೆ ಅಕ್ರಮ. ತಂದೆತಾಯಿಗಳ ಗೌರವ, ಬಲಿಯ ಮಾಂಸವನ್ನು ಎಷ್ಟು ದಿನದೊಳಗೆ ತಿನ್ನಬೇಕೆಂಬ ವಿಧಿ, ಕೊಯ್ಲಿನ ಹೊಲ, ಕೂಲಿಯವನ ಸಂಬಳ, ಕಿವುಡ, ಕುರುಡ, ಚಾಡಿ, ನೆರೆಯವನ ಮೇಲಣ ಪ್ರೀತಿ, ಬಟ್ಟೆಯ ನೂಲು, ತೋಟದ ಮರ, ಗಡ್ಡದ ಅಂಚು, ಪರದೇಶಿ, ತಕ್ಕಡಿ ಇವೆಲ್ಲ ಒಂದರ ಹಿಂದೊಂದು ಬರುತ್ತವೆ. ಏಕೆ ಆ ಕ್ರಮವೆಂದು ಕೇಳಿದರೆ ಉತ್ತರವಿಲ್ಲ. ಶಾಸ್ತ್ರಕಾರನಾದರೆ ಇವನ್ನು ದೇವಕಾರ್ಯ, ಗೃಹಕೃತ್ಯ, ವ್ಯವಹಾರ ಎಂದು ವಿಭಾಗಿಸಿ ಬರೆಯುತ್ತಿದ್ದನು. ಆದರೆ ಹಾಗೆ ವಿಭಾಗಿಸಿದ ಕ್ಷಣವೇ ಈ ಪಾಠದ ಜೀವ ಹೋಗುವುದು. ದೇವರ ಮುಂದಿನ ಮಾತೂ ಸಂತೆಯ ಮಾತೂ ಒಂದೇ ಉಸಿರಿನಲ್ಲಿ ಬಂದಿರುವುದೇ ಇಲ್ಲಿಯ ತಾತ್ಪರ್ಯ. ಕೃತಿಯ ರೂಪವೇ ಕೃತಿಯ ಮಾತಾಗಿರುವ ನಿದರ್ಶನಗಳಲ್ಲಿ ಇದೊಂದು.

ಪಾಠದ ಹೆಸರಿನಲ್ಲಿಯೇ ಭಾಷಾಂತರದ ತೊಡಕೊಂದಿದೆ. ‘ಕೆದೋಷೀಮ್’ ಎಂಬುದಕ್ಕೆ ಕನ್ನಡ ಬೈಬಲ್ಲು ‘ಪರಿಶುದ್ಧರು’ ಎಂಬ ಮಾತನ್ನು ಹಾಕಿದೆ. ‘ಶುದ್ಧ’ವೆಂದೊಡನೆ ಕನ್ನಡದ ಮನಸ್ಸಿಗೆ ಮಡಿಯ ನೆನಪಾಗುತ್ತದೆ: ಸ್ನಾನ, ಒದ್ದೆಬಟ್ಟೆ, ಮುಟ್ಟಬಾರದು ಎಂಬ ಎಚ್ಚರಿಕೆ. ಹೀಬ್ರೂವಿನಲ್ಲಿ ಆ ಅರ್ಥಕ್ಕೆ ‘ತಾಹೋರ್’ ಎಂಬ ಬೇರೆ ಶಬ್ದವೇ ಇದೆ. ‘ಕಾದೋಷ್’ ಎಂದರೆ ದೇವರಿಗೆಂದು ಪ್ರತ್ಯೇಕಿಸಿಟ್ಟದ್ದು, ಮೀಸಲು. ಹಳ್ಳಿಯಲ್ಲಿ ದೇವರ ಹೆಸರಿನಲ್ಲಿ ತೆಗೆದಿಡುವ ಮೀಸಲಿನ ಕಲ್ಪನೆಯೇ ಇದಕ್ಕೆ ಹೆಚ್ಚು ಸಮೀಪ. ಮಡಿಯ ಅರ್ಥವನ್ನಿಟ್ಟುಕೊಂಡು ಓದಲು ತೊಡಗಿದವನು ಮೂರುನಾಲ್ಕು ವಾಕ್ಯಗಳಲ್ಲಿಯೇ ಎಡವುವನು. ಮಡಿಗೂ ಕೂಲಿಯವನ ಸಂಬಳಕ್ಕೂ ಏನು ಸಂಬಂಧ? ಮೀಸಲೆಂದು ತಿಳಿದರೆ ಸಂಬಂಧವು ತಾನಾಗಿ ಕಾಣುವುದು: ಹೊಲದ ಒಂದಂಚು ಮೀಸಲು, ಸಂಜೆಯ ಕೂಲಿ ಮೀಸಲು, ಮರದ ಮೊದಲ ಫಲ ಮೀಸಲು. ‘ಪರಿಶುದ್ಧ’ವೆಂಬುದನ್ನು ಇಂದು ಬದಲಾಯಿಸುವುದು ಸಾಧ್ಯವಿಲ್ಲ, ಅದು ರೂಢಿಯಾಗಿಹೋಗಿದೆ. ಓದುವವರು ಒಳಗೇ ತಿದ್ದಿಕೊಳ್ಳತಕ್ಕದ್ದು.

ಈ ಬಿಡಿ ವಿಧಿಗಳನ್ನು ಪೋಣಿಸಿರುವ ದಾರವೆಂದರೆ ಒಂದು ಪಲ್ಲವಿ. ೧೯ನೆಯ ಅಧ್ಯಾಯದಲ್ಲಿರುವುದು ೩೭ ವಾಕ್ಯಗಳು. ಅವುಗಳಲ್ಲಿ ೧೫ ಸಲ, ಒಂದು ವಿಧಿಯೋ ಒಂದು ಗುಂಪು ವಿಧಿಗಳೋ ಮುಗಿಯುತ್ತಲೇ, ದೇವರು ತನ್ನ ಹೆಸರನ್ನು ಹೇಳಿ ತಾನೇ ಅವನೆಂದು ಸಾರುತ್ತಾನೆ. ಕಾರಣವಿಲ್ಲ, ವಾದವಿಲ್ಲ, ಕೇವಲ ಹೆಸರು. ವಚನಗಳನ್ನು ಓದಿದವರಿಗೆ ಇದು ಅಂಕಿತವನ್ನು ನೆನಪಿಗೆ ತರದಿರದು. ಈ ಸೀಮೆಯ ಅಂಚಿನಲ್ಲಿರುವ ಕಗ್ಗೆರೆಯ ತೋಟದಲ್ಲಿ ತಪಸ್ಸುಮಾಡಿ, ಆ ತೋಟದಿಂದಲೇ ಹೆಸರು ಪಡೆದ ತೋಂಟದ ಸಿದ್ಧಲಿಂಗ ಯತಿಗಳ ವಚನಗಳಲ್ಲಿಯೂ ಪ್ರತಿಯೊಂದು ವಿಚಾರವೂ ಕೊನೆಯಲ್ಲಿ ಅಂಕಿತಕ್ಕೆ ಬಂದು ನಿಲ್ಲುತ್ತದೆ. ಆದರೆ ವ್ಯತ್ಯಾಸವನ್ನು ಮರೆಯಲಾಗದು. ವಚನದ ಅಂಕಿತವು ಕೆಳಗಿನಿಂದ ಮೇಲಕ್ಕೆ ಹೋಗುವ ಕೂಗು. ಭಕ್ತನು ದೇವರನ್ನು ಸಂಬೋಧಿಸಿ, ತನ್ನ ಮಾತಿಗೆ ಸಾಕ್ಷಿಯಾಗೆಂದು ಕರೆಯುತ್ತಾನೆ. ಇಲ್ಲಿ ದೇವರೇ ತನ್ನ ಮಾತಿಗೆ ಮುದ್ರೆಯೊತ್ತುತ್ತಾನೆ. ವಚನದಲ್ಲಿ ಆತ್ಮೀಯತೆಯುಂಟು, ಕೆಲವೊಮ್ಮೆ ಜಗಳವೂ ಉಂಟು, ಇಲ್ಲಿರುವುದು ಗಾಂಭೀರ್ಯ. ಕಿವಿಗೆ ಯಾವುದು ಹೆಚ್ಚು ಹಿತವೆಂದು ಕೇಳಿದರೆ ಕನ್ನಡಿಗನು ವಚನದ ಕಡೆಗೇ ವಾಲುವನು, ಅದು ತಪ್ಪಲ್ಲ.

ಎರಡೆಡೆಗಳಲ್ಲಿ ಮಾತ್ರ ಪಲ್ಲವಿಯ ಮುಂಚೆ ದೇವರಿಗೆ ಹೆದರಬೇಕೆಂಬ ಮಾತು ಸೇರಿದೆ: ಕಿವುಡನನ್ನು ಶಪಿಸಿ ಕುರುಡನ ದಾರಿಯಲ್ಲಿ ಎಡವುಗಲ್ಲಿಡುವುದನ್ನು ನಿಷೇಧಿಸುವಲ್ಲಿ ಒಮ್ಮೆ, ನರೆತ ತಲೆಯ ಮುಂದೆ ಎದ್ದು ನಿಲ್ಲೆನ್ನುವಲ್ಲಿ ಒಮ್ಮೆ. ಇದೇಕೆಂದು ಹಳೆಯ ವ್ಯಾಖ್ಯಾನಕಾರರು ವಿಚಾರಿಸಿದ್ದಾರೆ. ೧೧ನೆಯ ಶತಮಾನದ ರಾಶಿಯ ವಿವರಣೆ ಸೊಗಸಾದುದು. ಎಡವುಗಲ್ಲನ್ನು ಇಟ್ಟವನ ಮನಸ್ಸಿನಲ್ಲಿ ಏನಿತ್ತೆಂಬುದು ಅನ್ಯರಿಗೆ ಕಾಣದು. ಒಳ್ಳೆಯ ಭಾವದಿಂದಲೇ ಮಾಡಿದೆನೆಂದು ಅವನು ನುಣುಚಿಕೊಳ್ಳಬಹುದು. ಹೃದಯದೊಳಗೆ ಅಡಗಿರುವ ಇಂಥ ವಿಷಯಗಳಲ್ಲೆಲ್ಲ ಭಯದ ಮಾತು ಬರುತ್ತದೆ. ಕುರುಡನೆಂದರೆ ಕಣ್ಣಿಲ್ಲದವನು ಮಾತ್ರವಲ್ಲ, ಆಯಾ ವಿಷಯದಲ್ಲಿ ಅರಿವಿಲ್ಲದವನೂ ಕುರುಡನೇ. ಅವನಿಗೆ ಕೆಟ್ಟ ಸಲಹೆ ಕೊಡುವುದೇ ಎಡವುಗಲ್ಲು ಎಂದೂ ಅವರು ಅರ್ಥಮಾಡಿದರು. ಉಂಡೆ ಕೊಬ್ಬರಿಯ ವ್ಯಾಪಾರ ಬಲ್ಲವರಿಗೆ ಇದು ಬೇಗ ಹಿಡಿಸೀತು. ಕಾಯಿಯನ್ನು ತಿಂಗಳುಗಟ್ಟಲೆ ಅಟ್ಟದ ಮೇಲಿರಿಸಿ, ಒಳಗಿನ ನೀರು ಇಂಗಿ ತಿರುಳು ಚಿಪ್ಪನ್ನು ಬಿಟ್ಟು ಕುಲುಕಿದರೆ ಸದ್ದುಮಾಡುವ ತನಕ ಕಾದು, ಚಿಪ್ಪೊಡೆದು ಇಡಿಯ ಉಂಡೆಯನ್ನು ಮಾರಾಟಕ್ಕೆ ತರುವರು. ಹೊರಗೆ ಎಷ್ಟೇ ನಯವಾಗಿದ್ದರೂ ಉಂಡೆಯ ಒಳಗೇನಿದೆಯೆಂಬುದು ಒಡೆಯದೆ ತಿಳಿಯದು. ಇಂಥ ಸರಕಿನಲ್ಲಿ ಕೊಳ್ಳುವವನು ಯಾವಾಗಲೂ ಅರ್ಧ ಕುರುಡ. ಧಾರಣೆಯ ಏರಿಳಿತ ತಿಳಿಯದ ಸಣ್ಣ ಹಿಡುವಳಿದಾರನು ಇನ್ನರ್ಧ.

ಹೊಲದ ವಿಧಿಗೆ ಬರೋಣ. ಪೈರನ್ನು ಕೊಯ್ಯುವಾಗ ಮೂಲೆಯ ತನಕ ಕೊಯ್ದುಕೊಳ್ಳಬಾರದು, ಬಿದ್ದ ತೆನೆಗಳನ್ನು ಆರಿಸಬಾರದು, ಅವು ಬಡವನಿಗೂ ಪರದೇಶಿಗೂ ಸೇರಿದುವು ಎಂಬುದು ಅದರ ಸಾರ. ಬಿದ್ದ ತೆನೆಗೆ ಕನ್ನಡದಲ್ಲಿ ‘ಹಕ್ಕಲು’ ಎಂಬ ಹಳೆಯ ಮಾತಿರುವುದರಿಂದ ಇಲ್ಲಿ ಭಾಷಾಂತರವು ನೆಲದಿಂದಲೇ ಎದ್ದುಬಂದಂತಿದೆ. ಗಮನಿಸಬೇಕಾದ ಅಂಶವೆಂದರೆ, ಇದು ದಾನವಲ್ಲ. ದಾನವಾದರೆ ಒಡೆಯನು ಕೊಡುವನು, ಬಡವನು ಕೈಯೊಡ್ಡುವನು. ಇಲ್ಲಿ ಒಡೆಯನು ಮಾಡಬೇಕಾದುದು ಬಿಟ್ಟುಬರುವುದಷ್ಟೆ. ಬಡವನು ತಾನೇ ಬಂದು ತನ್ನದನ್ನು ಕೊಯ್ದುಕೊಳ್ಳುವನು. ಯಾರಿಗೆ ಕೊಡಬೇಕೆಂದು ಆರಿಸುವ ಅಧಿಕಾರವೂ ಒಡೆಯನಿಗಿಲ್ಲವೆಂದು ಯೆಹೂದಿ ಧರ್ಮಶಾಸ್ತ್ರಜ್ಞರು ಸ್ಪಷ್ಟಪಡಿಸಿದರು. ತೆಂಗಿನ ತೋಟದಲ್ಲಿ ಇದಕ್ಕೆ ಸಮನಾದುದೇನೆಂದು ಯೋಚಿಸಬಹುದು. ಗಾಳಿಗೆ ಉದುರಿದ ಕಾಯಿ, ಒಣಗಿ ಬಿದ್ದ ಸೋಗೆ ಯಾರಿಗೆ ಸೇರಿದುವೆಂಬ ವಿಷಯದಲ್ಲಿ ತೋಟದವನಿಗೂ ಬೇಲಿಯಾಚೆಯವನಿಗೂ ಆಗುವ ಮಾತುಕತೆಯನ್ನು ಕೇಳದವರಾರು?

ಆದರೆ ಇಲ್ಲಿಯೇ ಈ ಪಾಠದ ಒಂದು ಕೊರತೆಯನ್ನೂ ಹೇಳಬೇಕಾಗಿದೆ. ಆದಿಯಿಂದ ಅಂತ್ಯದವರೆಗೆ ಇಲ್ಲಿಯ ಆಜ್ಞೆಗಳೆಲ್ಲ ಹೊಲವುಳ್ಳವನಿಗೆ, ಸಂಬಳ ಕೊಡುವವನಿಗೆ, ತಕ್ಕಡಿ ಹಿಡಿದವನಿಗೆ ಹೇಳಿದುವು. ಕೂಲಿಯವನ ಸಂಬಳವು ಬೆಳಗಿನವರೆಗೆ ಒಡೆಯನ ಬಳಿ ಉಳಿಯಬಾರದೆಂಬ ವಿಧಿ ಎಷ್ಟು ಉದಾತ್ತವಾದರೂ, ದೋಟಿ ಹಿಡಿದು ದಿನವೆಲ್ಲ ಕತ್ತೆತ್ತಿ ಕಾಯಿ ಕೆಡಹಿದವನ ದನಿ ಅದರಲ್ಲಿಲ್ಲ. ಆತನು ಧರ್ಮದ ವಿಷಯವೇ ಹೊರತು ಧರ್ಮವನ್ನಾಡುವವನಲ್ಲ. ೧೨ನೆಯ ಶತಮಾನದ ಕಲ್ಯಾಣದಲ್ಲಿ ಹಕ್ಕಲಾಯ್ದು ಬದುಕಿದ ಆಯ್ದಕ್ಕಿ ಲಕ್ಕಮ್ಮನನ್ನು ಇದರ ಪಕ್ಕದಲ್ಲಿಟ್ಟು ನೋಡಿದರೆ ಅಂತರ ತಿಳಿಯುವುದು. ಗಂಡನಾದ ಮಾರಯ್ಯನು ಒಂದು ದಿನ ವಾಡಿಕೆಗಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಅಗತ್ಯಕ್ಕೆ ಮೀರಿದ್ದನ್ನು ಹಿಂದಕ್ಕೆ ಸುರಿದು ಬರಲು ಹೇಳಿದವಳು ಆಕೆ. ಅಂಚನ್ನು ಬಿಡಬೇಕಾದ ಒಡೆಯನಿಗೆ ಯಾಜಕಕಾಂಡವು ಮಿತಿ ಹಾಕಿತು. ಆಯುವವಳು ತನ್ನ ಮಿತಿಯನ್ನು ತಾನೇ ಹಾಕಿಕೊಂಡು, ಅದನ್ನು ತನ್ನ ಬಾಯಿಂದಲೇ ಹೇಳಿದ್ದು ಕನ್ನಡದಲ್ಲಿ. ಯೆಹೂದ್ಯರ ಪರಂಪರೆಯಲ್ಲಿ ಈ ಕೊರತೆ ತುಂಬಿಕೊಂಡಿಲ್ಲವೆಂದಲ್ಲ. ಕೆದೋಷೀಮ್ ಓದಿದ ಕೆಲವು ವಾರಗಳಲ್ಲಿ ಬರುವ ಶಾವೂಓತ್ ಹಬ್ಬದಂದು ಹಲವು ಸಭಾಮಂದಿರಗಳಲ್ಲಿ ಅವರು ಓದುವುದು ರೂತಳ ಕಥೆಯನ್ನು. ಆಕೆ ಪರದೇಶದ ವಿಧವೆ, ಬೋವಜನ ಹೊಲದಲ್ಲಿ ಹಕ್ಕಲಾಯ್ದವಳು, ಕಥೆಯುದ್ದಕ್ಕೂ ಮಾತಾಡುವವಳು.

ತೋಟದವರಿಗೆ ಅತ್ಯಂತ ರುಚಿಸಬಹುದಾದ ಭಾಗ ಮುಂದಿದೆ. ನಾಡನ್ನು ಸೇರಿ ಹಣ್ಣಿನ ಮರಗಳನ್ನು ನೆಟ್ಟಾಗ, ಮೊದಲ ಮೂರು ವರ್ಷಗಳ ಫಲವನ್ನು ತಿನ್ನಲಾಗದು. ನಾಲ್ಕನೆಯ ವರ್ಷದ್ದು ದೇವರ ಸ್ತೋತ್ರಕ್ಕೆ ಮೀಸಲು. ಐದನೆಯ ವರ್ಷದಿಂದ ಒಡೆಯನಿಗೆ. ಎಳೆಯ ಮರಕ್ಕೆ ಇಲ್ಲಿ ಬಂದಿರುವ ರೂಪಕ ವಿಚಿತ್ರವಾದುದು: ಅದನ್ನು ಸುನ್ನತಿಯಾಗದ ಮಗುವಿಗೆ ಹೋಲಿಸಿದೆ. ಕನ್ನಡದ ಕಿವಿಗೆ ಇದು ಒರಟಾಗಿ ಕೇಳಿದರೂ, ಮರವನ್ನು ಮನೆಯ ಕೂಸಿನಂತೆ ಕಾಣುವ ಭಾವ ಇದರ ಹಿಂದಿದೆ. ತೆಂಗಿನ ವಿಷಯದಲ್ಲಿ ಮಾತ್ರ ಈ ವಿಧಿಗೆ ಕೆಲಸವೇ ಇಲ್ಲ. ಈ ಸೀಮೆಯ ಎತ್ತರದ ನಾಟಿ ತಳಿಯು ಹೊಂಬಾಳೆ ಬಿಡುವ ವೇಳೆಗೆ ಆರೇಳು ವರ್ಷಗಳು ಕಳೆದಿರುತ್ತವೆ. ಶಾಸ್ತ್ರವು ಬೇಡುವ ತಾಳ್ಮೆಯನ್ನು ಮರವೇ ಒಡೆಯನಿಂದ ವಸೂಲುಮಾಡಿರುತ್ತದೆ.

ಈ ವಾಕ್ಯದ ಮೇಲೆ ಯಾಜಕಕಾಂಡದ ಪುರಾತನ ಮಿದ್ರಾಷ್ ಎರಡು ಒಳ್ಳೆಯ ಮಾತುಗಳನ್ನು ಹೇಳುತ್ತದೆ. ದೇವರನ್ನು ಅನುಸರಿಸುವುದೆಂದರೆ ಹೇಗೆ, ಆಕಾಶಕ್ಕೆ ಏರುವುದೇ? ಅಲ್ಲ, ಲೋಕವನ್ನು ಸೃಷ್ಟಿಸಿದೊಡನೆ ದೇವರು ಏದೆನಿನಲ್ಲಿ ತೋಟ ಹಾಕಿದನಾದುದರಿಂದ, ನಾಡನ್ನು ಸೇರಿದವರು ಮೊದಲು ಸಸಿ ನೆಡಬೇಕು ಎಂಬುದೊಂದು. ಇನ್ನೊಂದು ಕಥೆ. ರೋಮಿನ ಚಕ್ರವರ್ತಿ ಹೇಡ್ರಿಯನನು ದಾರಿಯಲ್ಲಿ ಹೋಗುತ್ತ, ನೂರು ವರ್ಷದ ಮುದುಕನೊಬ್ಬನು ಅಂಜೂರದ ಸಸಿಗಳಿಗೆ ಗುಂಡಿ ತೋಡುವುದನ್ನು ಕಂಡು ಹಾಸ್ಯಮಾಡಿದನು. ಭಾಗ್ಯವಿದ್ದರೆ ತಾನೇ ತಿನ್ನುವೆನು, ಇಲ್ಲವಾದರೆ ಹಿರಿಯರು ತನಗೆ ದುಡಿದಂತೆ ತಾನು ಮಕ್ಕಳಿಗೆ ದುಡಿದೆನೆಂದು ಮುದುಕನ ಉತ್ತರ. ವರ್ಷಗಳ ಮೇಲೆ ಮುದುಕನು ಬುಟ್ಟಿಯ ತುಂಬ ಹಣ್ಣನ್ನು ಒಯ್ದು ಒಪ್ಪಿಸಲು, ದೊರೆಯು ಬುಟ್ಟಿಗೆ ಹೊನ್ನು ತುಂಬಿ ಕಳುಹಿಸಿದನು. ನೆರೆಮನೆಯವಳು ಇದನ್ನು ನೋಡಿ, ದೊರೆಗೆ ಅಂಜೂರವೆಂದರೆ ಆಸೆಯೆಂದು ಬಗೆದು, ತನ್ನ ಗಂಡನ ಹೆಗಲಿಗೂ ಒಂದು ಹೊರೆ ಹಣ್ಣನ್ನು ಹೊರಿಸಿ ಅಟ್ಟಿದಳು. ಅರಮನೆಯ ಬಾಗಿಲಲ್ಲಿ ಅವನನ್ನು ನಿಲ್ಲಿಸಿ, ಹೋಗಿಬರುವವರೆಲ್ಲ ಆ ಹಣ್ಣುಗಳನ್ನೇ ಅವನ ಮುಖಕ್ಕೆ ಎಸೆದರಂತೆ. ಹಣ್ಣು ಮಾಗಿದ ಅಂಜೂರವಾಗಿದ್ದುದು ಅವನ ಪುಣ್ಯ; ತಿಪಟೂರಿನ ಕಡೆಯವನಾಗಿದ್ದರೆ ಬದುಕಿ ಮನೆಗೆ ಬರುತ್ತಿರಲಿಲ್ಲ. ಶಾಸ್ತ್ರದ ವಿಧಿಯೊಂದಕ್ಕೆ ನಗೆಯ ಕಥೆಯನ್ನು ಜೋಡಿಸಿ, ಆ ನಗೆಯಿಂದ ಸಭೆಯನ್ನು ಎಚ್ಚರವಾಗಿಡುವ ಈ ಜಾಣ್ಮೆ ಹರಿಕಥೆಯ ದಾಸರಿಗೂ ಚೆನ್ನಾಗಿ ಗೊತ್ತಿತ್ತು.

ಎಲ್ಲವೂ ಹೀಗೆ ಒಗ್ಗುವುದಿಲ್ಲ. ಎರಡು ಬಗೆಯ ಬೀಜಗಳನ್ನು ಒಂದು ಹೊಲದಲ್ಲಿ ಬೆರೆಸಬಾರದೆಂಬ ವಿಧಿಯನ್ನು ತೆಂಗಿನ ಸೀಮೆಯ ರೈತನು ಕೇಳಿದರೆ ಮುಗುಳ್ನಗುವನು. ತೆಂಗಿನ ಸಾಲುಗಳ ನಡುವೆ ಅಡಕೆ, ಬಾಳೆ, ಬುಡದಲ್ಲಿ ಹುರುಳಿ, ರಾಗಿ, ಬೇಲಿಗೆ ಹಲಸು, ಹುಣಿಸೆ ಎಂದು ಬೆರಕೆಯಿಂದಲೇ ಇಲ್ಲಿಯ ಬದುಕು ನಡೆಯುತ್ತದೆ. ಯೆಹೂದಿ ಶಾಸ್ತ್ರಜ್ಞರೂ ಈ ವಿಧಿಯನ್ನು ಬಹಳ ಸಂಕೋಚಗೊಳಿಸಿ, ದ್ರಾಕ್ಷಿಯ ತೋಟವೊಂದನ್ನುಳಿದು ಬೇರೆ ಮರಗಳ ಅಡಿಯಲ್ಲಿ ಧಾನ್ಯ ಬಿತ್ತುವುದಕ್ಕೆ ಅಡ್ಡಿ ಹೇಳಲಿಲ್ಲ. ಇದರ ಹಿಂದೆಯೇ ಬರುವ, ಬಿಡುಗಡೆಯಾಗದ ದಾಸಿಯ ಪ್ರಕರಣವಂತೂ ಮನಸ್ಸನ್ನು ನೋಯಿಸುವಂಥದು; ಮನುಷ್ಯಳೊಬ್ಬಳನ್ನು ಅಲ್ಲಿ ಸ್ವತ್ತಿನಂತೆಯೇ ಗಣಿಸಿದೆ. ಈ ಎರಡು ವಿಧಿಗಳ ಕೊನೆಯಲ್ಲಿ ಆ ಪಲ್ಲವಿ ಬರುವುದಿಲ್ಲವೆಂಬುದು ಕುತೂಹಲದ ಸಂಗತಿ. ಪಲ್ಲವಿಯಿಲ್ಲದ ವಾಕ್ಯಗಳು ಬೇರೆಯೂ ಇರುವುದರಿಂದ ಇದರ ಮೇಲೆ ಹೆಚ್ಚು ಭಾರ ಹೇರಲಾಗದು. ೨೦ನೆಯ ಅಧ್ಯಾಯವು ಇನ್ನೂ ಕಠಿನ. ಅಲ್ಲಿ ಮರಣದಂಡನೆಯ ಪಟ್ಟಿಯೇ ಇದೆ. ಏಳು ವರ್ಷಕ್ಕೊಮ್ಮೆ ಮರಣದಂಡನೆ ವಿಧಿಸಿದ ನ್ಯಾಯಸಭೆಯನ್ನೂ ಘಾತಕವೆಂದೇ ಎಣಿಸುವ ಅಭಿಪ್ರಾಯವು ಅವರ ಮಿಷ್ನಾ ಗ್ರಂಥದಲ್ಲಿದ್ದು, ಎಪ್ಪತ್ತು ವರ್ಷಕ್ಕೊಮ್ಮೆಯಾದರೂ ಹಾಗೆಯೇ ಎಂದ ಪಂಡಿತನೂ ಇದ್ದಾನೆ. ವ್ಯಾಖ್ಯಾನವು ಮೂಲಕ್ಕಿಂತ ಮೃದುವಾಗಿರುವುದು ಧರ್ಮಗ್ರಂಥಗಳ ಚರಿತ್ರೆಯಲ್ಲಿ ಅಪೂರ್ವವಲ್ಲ. ಆದರೂ ಮೂಲದ ಕಾಠಿನ್ಯವನ್ನು ವ್ಯಾಖ್ಯಾನದ ಹೊದಿಕೆಯಲ್ಲಿ ಮುಚ್ಚಿ ಹೊಗಳುವುದು ವಿಮರ್ಶೆಯಾಗಲಾರದು.

ಪರದೇಶಿಯನ್ನು ನಾಡಿನವನಂತೆಯೇ ಪ್ರೀತಿಸಬೇಕು, ಐಗುಪ್ತದಲ್ಲಿ ನೀವೂ ಪರದೇಶಿಗಳಾಗಿದ್ದಿರಲ್ಲವೆ ಎಂಬ ಮಾತಿನ ಬೆನ್ನಿಗೇ ಅಳತೆ, ತೂಕ, ತಕ್ಕಡಿಗಳ ವಿಧಿ ಬರುತ್ತದೆ. ಈ ನೆರೆಹೊರೆ ಆಕಸ್ಮಿಕವಲ್ಲವೆಂದು ತೋರುವುದು. ಊರಿನ ಅಳತೆಯನ್ನು ಅರಿಯದವನು ಪರದೇಶಿಯೇ. ಮೋಸಹೋಗುವವನೂ ಮೊದಲು ಅವನೇ. ಕೊಳಗವನ್ನು ರಾಶಿಯಾಗಿ ತುಂಬಿ ಅಳೆಯುವ ಊರಿನಲ್ಲಿ ಬಾಯಿಮಟ್ಟಕ್ಕೆ ಸವರಬಾರದು, ಸವರುವ ಊರಿನಲ್ಲಿ ರಾಶಿ ಮಾಡಬಾರದು, ಸವರುವ ಕೋಲು ಒಂದು ಕಡೆ ದಪ್ಪ ಇನ್ನೊಂದು ಕಡೆ ತೆಳುವಾಗಿರಬಾರದು ಎಂಬವರೆಗೂ ತಾಲ್ಮೂದು ಇದನ್ನು ಬೆಳೆಸಿದೆ. ಬಳ್ಳ, ಸೇರು, ಮಣಗಳ ಕಾಲ ಹೋಗಿ ೧೯೫೮ರಿಂದ ಕಿಲೋಗ್ರಾಮು ಬಂದರೂ, ತಕ್ಕಡಿಯ ಮುಂದೆ ನಿಂತವನ ಅನುಮಾನ ಹೋಗಿದೆಯೆನ್ನುವಂತಿಲ್ಲ.

ಈ ಪಾಠವನ್ನು ಬಲ್ಲ ಯೆಹೂದ್ಯನೊಬ್ಬನು ಕನ್ನಡನಾಡಿನ ಕರಾವಳಿಯಲ್ಲಿಯೇ ಪರದೇಶಿಯಾಗಿ ಬಾಳಿದ್ದುಂಟು. ಉತ್ತರ ಆಫ್ರಿಕದ ಮಹದಿಯಾದಿಂದ ಬಂದ ಅಬ್ರಹಾಂ ಬೆನ್ ಯಿಜು ಎಂಬ ವರ್ತಕನು ೧೧೩೨ರಿಂದ ೧೧೪೯ರವರೆಗಿನ ಅವಧಿಯಲ್ಲಿ ಬಹುಪಾಲು ಮಂಗಳೂರಿನಲ್ಲಿದ್ದು, ಹಿತ್ತಾಳೆಯ ಕಾರ್ಖಾನೆ ನಡೆಸುತ್ತ ಅಡಕೆ, ಮೆಣಸು, ಕಬ್ಬಿಣಗಳನ್ನು ಏಡನ್ನಿಗೆ ಕಳುಹಿಸುತ್ತಿದ್ದನು. ಕೈರೋ ನಗರದ ಹಳೆಯ ಸಭಾಮಂದಿರದ ಉಗ್ರಾಣದಲ್ಲಿ ಸಿಕ್ಕಿದ ಅವನ ಕಾಗದಪತ್ರಗಳಲ್ಲಿ ತೂಕ, ಬೆಲೆ, ಬಾಕಿಗಳ ಲೆಕ್ಕ ಧಾರಾಳವಾಗಿದೆ. ಏಲಕ್ಕಿಗೆಂದು ಮುಂಗಡ ಪಡೆದು ಸರಕು ತಲುಪಿಸದವನೊಬ್ಬನ ಮೇಲಣ ದೂರೂ ಇದೆ. ಅವೇ ಪತ್ರಗಳ ನಡುವೆ ೧೧೩೨ನೆಯ ಅಕ್ಟೋಬರ್ ೧೭ರಂದು ಮಂಗಳೂರಿನಲ್ಲಿ ಬರೆಸಿದ, ಅಶು ಎಂಬ ದಾಸಿಯ ಬಿಡುಗಡೆಯ ಪತ್ರವೂ ಉಳಿದಿದೆ. ಆಕೆಯನ್ನೇ ಅವನು ಮದುವೆಯಾದನೆಂಬುದು ವಿದ್ವಾಂಸರ ಮತ. ಯಾಜಕಕಾಂಡವು ಬಿಡುಗಡೆಯಾಗದವಳೆಂದು ಹೇಳಿ ಮುಂದೆ ಸರಿದುಹೋದ ದಾಸಿಗೆ ಇಲ್ಲಿ ಒಂದು ಹೆಸರಿದೆ, ಒಂದು ತಾರೀಖೂ ಇದೆ.

ನೆರೆಯವನನ್ನು ತನ್ನಂತೆಯೇ ಪ್ರೀತಿಸಬೇಕೆಂಬ ಪ್ರಸಿದ್ಧ ವಾಕ್ಯವು ಇದೇ ಅಧ್ಯಾಯದ್ದೆಂಬುದನ್ನು ಎಷ್ಟೋ ಜನ ಅರಿಯರು. ಧರ್ಮಶಾಸ್ತ್ರಕ್ಕೆಲ್ಲ ಇದೇ ದೊಡ್ಡ ಸೂತ್ರವೆಂದನು ರಬ್ಬಿ ಅಕೀವ. ಅವನ ಸಮಕಾಲೀನನಾದ ಬೆನ್ ಅಜ್ಜಾಯ್ ಒಪ್ಪಲಿಲ್ಲ. ಆದಿಕಾಂಡದಲ್ಲಿ ಮನುಷ್ಯನ ವಂಶಾವಳಿಯನ್ನು ಹೇಳುತ್ತ, ದೇವರು ಅವನನ್ನು ತನ್ನ ಹೋಲಿಕೆಯಲ್ಲಿ ಸೃಷ್ಟಿಸಿದನೆನ್ನುವ ವಾಕ್ಯವು ಅದಕ್ಕಿಂತ ದೊಡ್ಡದೆಂದನು. ಬೆನ್ ಅಜ್ಜಾಯನ ಪಕ್ಷವೇ ಬಲವಾದುದು. ತನ್ನನ್ನೇ ತಾನು ಹೀನವಾಗಿ ಕಂಡುಕೊಂಡವನು ನೆರೆಯವನನ್ನೂ ಹಾಗೆಯೇ ಕಂಡಾನು. ಅಳತೆಗೋಲು ತನ್ನ ಕೈಯಲ್ಲಿಯೇ ಉಳಿದರೆ ಆ ಅಪಾಯ ತಪ್ಪದು. ತಕ್ಕಡಿಯ ವಿಧಿಯನ್ನು ಇಷ್ಟು ಬಿಗಿಯಾಗಿ ಹೇಳಿದ ಅಧ್ಯಾಯಕ್ಕೆ ಈ ಆಕ್ಷೇಪಣೆ ಸಲ್ಲತಕ್ಕದ್ದೇ.

ಮರುವಾರದ ಪಾಠ ‘ಎಮೋರ್’. ಅದರ ಮೊದಲ ಭಾಗವೆಲ್ಲ ಯಾಜಕರ ನಿಯಮಗಳು, ಬಲಿಪಶುವಿನ ಲಕ್ಷಣಗಳು. ಅನಂತರ ಹಬ್ಬಗಳ ಪಟ್ಟಿ ಆರಂಭವಾಗುತ್ತದೆ: ಪಸ್ಕ, ಸಿವುಡಿನ ಅರ್ಪಣೆ, ಏಳು ವಾರಗಳ ಎಣಿಕೆ. ಇನ್ನು ಹೊಲದ ಮಾತು ಮುಗಿಯಿತೆಂದು ಕೇಳುವವನು ತಿಳಿದಿರುವಾಗ, ಎರಡು ಹಬ್ಬಗಳ ನಡುವೆ, ಪೂರ್ವಾಪರ ಸಂಬಂಧವಿಲ್ಲದಂತೆ, ಹೊಲದ ಮೂಲೆಯನ್ನೂ ಹಕ್ಕಲನ್ನೂ ಬಡವನಿಗೂ ಪರದೇಶಿಗೂ ಬಿಡುವ ವಿಧಿಯು ಮತ್ತೊಮ್ಮೆ ಬಂದು, ಅದೇ ಪಲ್ಲವಿಯಿಂದ ಮುಗಿಯುತ್ತದೆ.